ಹಳೇ ವ್ಯಾನು, ಹೊಸ ಕುಶನ್, ಕೆಟ್ಟ ಹೊಲಿಗೆ

ಕುಶನ್ ಕೆಲಸದಲ್ಲಿ ಮಾಡಿದ್ದೆಲ್ಲ ಕವರಿನ ಒಳಗೆ ಮುಚ್ಚಿಹೋಗುತ್ತದೆ. ಎಂಜಿನ್ ಕೆಲಸ ಕೆಟ್ಟರೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ. ಪೇಂಟ್ ಕೆಟ್ಟರೆ ಬಿಸಿಲಿಗೆ ನಿಲ್ಲಿಸಿದ ಕೂಡಲೇ ಕಾಣುತ್ತದೆ. ಸೀಟಿನ ಒಳಗೆ ಹೇಳಿದ ಫೋಮನ್ನೇ ಹಾಕಿದ್ದಾರೋ ಅಥವಾ ಯಾವುದೋ ಹಳೇ ಸೋಫಾದ ಸ್ಪಂಜ್ ತುಂಬಿದ್ದಾರೋ ಎಂಬುದು ಗೊತ್ತಾಗಬೇಕಾದರೆ ಒಂದು ಬೇಸಿಗೆ ಕಳೆಯಬೇಕು. ಹೊಸಪೇಟೆಯ ಬೇಸಿಗೆಯೆಂದರೆ ನಲವತ್ತು ಡಿಗ್ರಿ ಮುಟ್ಟುವ ಬೇಸಿಗೆ. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ, ಬಿಲ್ಲು ಕೇಳಿರುವುದಿಲ್ಲ, ಹಳೇ ಕವರು ಗುಜರಿ ಸೇರಿರುತ್ತದೆ.

ಮಾರುತಿ ಓಮ್ನಿಯ ತಯಾರಿಕೆ ನಿಂತಿದ್ದು 2019ರಲ್ಲಿ. ಬಜಾಜ್ ಟೆಂಪೋದ ಮೆಟಾಡೋರ್ ಅದಕ್ಕೆ ಎಷ್ಟೋ ಮೊದಲೇ ಮಾರುಕಟ್ಟೆಯಿಂದ ಹೋಯಿತು. ಮನೆಯಲ್ಲಿ ಅಂಥದ್ದೊಂದು ಹಳೇ ವ್ಯಾನು ಉಳಿದಿದ್ದರೆ ಹಿಂದಿನ ಸೀಟು ತೆಗೆದು, ಮಡಚುವ ಮಂಚ ಕೂರಿಸಿ, ಕಿಟಕಿಗೆ ಪರದೆ ಹಾಕಿ ಹಂಪಿಗೋ ಸಂಡೂರಿನ ಗುಡ್ಡಗಳ ಕಡೆಗೋ ಹೊರಡುವ ಆಸೆ ಈಗ ಹಲವರಿಗಿದೆ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಬಸ್ಸಿಗೆ ವೆಸ್ಟ್‌ಫಾಲಿಯಾ ಕಂಪನಿ 1950ರ ದಶಕದ ಆರಂಭದಲ್ಲೇ ಇಂಥ ಒಳಾಂಗಣ ಮಾಡಿಕೊಡುತ್ತಿತ್ತು. ಆ ಗಾಡಿಗಳಿಗೆ ಅಳತೆಗೆ ಸರಿಯಾಗಿ ಕತ್ತರಿಸಿದ ಸೀಟ್ ಕವರು, ಅದೇ ಹಳೇ ಗೆರೆಯ ಬಟ್ಟೆ ಅಲ್ಲಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಮೆಟಾಡೋರ್‌ಗೆ ಅಂಥ ಸೌಕರ್ಯವಿಲ್ಲ. ಅಳತೆ ತೆಗೆದು, ಕತ್ತರಿಸಿ, ಹೊಲಿದು ಕೊಡುವ ಕುಶನ್ ಮಾಸ್ಟರ್ ಒಬ್ಬರನ್ನೇ ನಂಬಬೇಕು.

ಆ ಮಾಸ್ಟರ್‌ಗಳಿಗೆ ಕೈಚಳಕವಿಲ್ಲ ಎಂದರೆ ತಪ್ಪಾಗುತ್ತದೆ. ಊರಿನ ಕುಶನ್ ಅಂಗಡಿಗೆ ದಿನಾ ಬರುವುದು ಆಟೊ ಸೀಟು, ಬೈಕ್ ಸೀಟು, ಟ್ರ್ಯಾಕ್ಟರ್ ಸೀಟು, ಟೆಂಪೋ ಟ್ರಾವೆಲರ್. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಮುಗಿಯಬೇಕು, ಕಡಿಮೆ ರೇಟಿಗೆ ಆಗಬೇಕು, ಗಟ್ಟಿಯಾಗಿರಬೇಕು. ಆ ಲೆಕ್ಕಕ್ಕೆ ಅವರ ಕೆಲಸ ಚೆನ್ನಾಗಿಯೇ ಇರುತ್ತದೆ. ಮಡಚುವ ಮಂಚದ ಕುಶನ್ ಬೇರೆಯದೇ ಲೆಕ್ಕ. ಅದರ ಮೇಲೆ ಹಗಲು ಕೂರಬೇಕು, ರಾತ್ರಿ ಮಲಗಬೇಕು. ಎರಡು ತುಂಡು ಒಂದಕ್ಕೊಂದು ಕೂಡಿ ಸಮತಟ್ಟಾಗಬೇಕು, ಮಡಚಿದಾಗ ಕಬ್ಬಿಣದ ಫ್ರೇಮಿನೊಳಗೆ ಹಿಡಿಯಬೇಕು. ನಾಲ್ಕು ಇಂಚಿನ ಜಾಗಕ್ಕೆ ಐದು ಇಂಚಿನ ಫೋಮ್ ಹಾಕಿದರೆ ಮಂಚ ಮಡಚುವುದೇ ಇಲ್ಲ. ಇಂಥ ತಪ್ಪಿಗೆ ಮಾಸ್ಟರ್ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. "ಚೆಂದ ಮಾಡಿಕೊಡ್ರಿ" ಎಂದಷ್ಟೇ ಹೇಳಿ ಕೀಲಿ ಕೊಟ್ಟು ಹೋದವರ ಪಾಲೂ ಅದರಲ್ಲಿದೆ.

ಆದರೆ ಹೇಳಿದ ಮಾಲು ಹಾಕದಿರುವುದು, ಹೊಲಿಗೆ ಬಿಡುವುದು, ಸೀಟಿನ ಬೋಲ್ಟ್ ಸಡಿಲ ಬಿಡುವುದು ಬೇರೆ ಮಾತು. ಅದು ಕೆಟ್ಟ ಕೆಲಸ. ಅದನ್ನು ಗುರುತಿಸಿ ಸರಿ ಮಾಡಿಸಿಕೊಳ್ಳುವ ದಾರಿ ಇದೆ.

ಮೊದಲು ಫೋಮ್. ಮೋಸ ಹೆಚ್ಚು ನಡೆಯುವುದು ಇಲ್ಲಿ, ಹಿಡಿಯುವುದು ಸುಲಭವಿರುವುದೂ ಇಲ್ಲೇ. ಅಂಗಡಿಯಲ್ಲಿ "32 ಡೆನ್ಸಿಟಿ", "40 ಡೆನ್ಸಿಟಿ" ಎನ್ನುವುದು ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಹಾಗಾಗಿ ತಕ್ಕಡಿಯೊಂದಿದ್ದರೆ ಸಾಕು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಇಂಚು ದಪ್ಪದ ತುಂಡು 40 ಡೆನ್ಸಿಟಿಯದಾದರೆ ಸುಮಾರು 375 ಗ್ರಾಂ ತೂಗುತ್ತದೆ. 32ರದ್ದಾದರೆ 300 ಗ್ರಾಂ. 23ರದ್ದಾದರೆ 215 ಗ್ರಾಂ ಆಸುಪಾಸು. ಆರು ಅಡಿ ಉದ್ದ, ಎರಡು ಅಡಿ ಅಗಲದ ಮಂಚದ ಕುಶನ್‌ಗೆ ಇದನ್ನೇ ಹನ್ನೆರಡರಿಂದ ಗುಣಿಸಿದರೆ ಕ್ರಮವಾಗಿ ನಾಲ್ಕೂವರೆ ಕಿಲೋ, 3.6 ಕಿಲೋ ಮತ್ತು 2.6 ಕಿಲೋ ಬರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಗೂ ಸಿಗುವ ವ್ಯತ್ಯಾಸ ಇದು. ಕುಶನ್‌ಗೆ ಜಿಪ್ ಇದ್ದರೆ ಫೋಮನ್ನು ಹೊರಗೆಳೆದು ತೂಗಿ, ಅಳತೆಯ ಟೇಪು ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆದುಕೊಳ್ಳಬೇಕು. ಮುಂದೆ ಮಾತು ಬೆಳೆದರೆ ಹತ್ತು ವಾದಕ್ಕಿಂತ ಆ ಒಂದು ಫೋಟೊ ಹೆಚ್ಚು ಕೆಲಸ ಮಾಡುತ್ತದೆ.

ತೂಕವೊಂದನ್ನೇ ನಂಬುವಂತಿಲ್ಲ. ಚೂರು ಫೋಮನ್ನು ಅಂಟು ಹಾಕಿ ಒತ್ತಿ ಮಾಡಿದ ರೀಬಾಂಡೆಡ್ ಫೋಮ್ ತುಂಬ ಭಾರ. ಅದರ ಮೈ ಬಣ್ಣಬಣ್ಣದ ಚೂರುಗಳಿಂದ ಕೂಡಿರುವುದರಿಂದ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ಅದು ಕೆಟ್ಟ ಮಾಲೇನಲ್ಲ. ಕೆಳಗೆ ಒಂದು ಇಂಚು ರೀಬಾಂಡೆಡ್, ಮೇಲೆ ಮೂರು ಇಂಚು 40 ಡೆನ್ಸಿಟಿ ಹಾಕಿದರೆ ಮಂಚ ಬಹುಕಾಲ ಬಾಳುತ್ತದೆ. ಹೇಳದೆ ಪೂರ್ತಿ ಅದನ್ನೇ ತುಂಬಿದರೆ ಬೆನ್ನು ಹಿಡಿಯುತ್ತದೆ. ಹಳೇ ಸೀಟಿನಲ್ಲಿ ರಬ್ಬರು ಹಾಕಿ ಒತ್ತಿದ ತೆಂಗಿನ ನಾರಿನ ಪದರ ಗಟ್ಟಿಯಾಗಿಯೇ ಇದ್ದರೆ ಅದನ್ನು ಎಸೆಯಲು ಬಿಡಬಾರದು. ಗಾಳಿಯಾಡುವ ಗುಣದಲ್ಲಿ ಫೋಮ್ ಅದಕ್ಕೆ ಸಾಟಿಯಲ್ಲ.

ಹೊಲಿಗೆಯ ವಿಚಾರ ಇನ್ನಷ್ಟು ಸೂಕ್ಷ್ಮ. ರೆಕ್ಸಿನ್‌ಗೆ ಒಂದು ಇಂಚಿಗೆ ಆರರಿಂದ ಎಂಟು ಹೊಲಿಗೆ ಇರಬೇಕು. ಅದಕ್ಕಿಂತ ಒತ್ತಾಗಿ ಹೊಲಿದರೆ ಸಾಲು ತೂತುಗಳಿಂದಾಗಿ ಅಂಚೆಚೀಟಿಯ ಹಾಳೆಯ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತದೆ. ಬಟ್ಟೆಯಲ್ಲಿ ಸೂಜಿ ಹೋದ ಜಾಗ ಮತ್ತೆ ಕೂಡಿಕೊಳ್ಳುತ್ತದೆ, ರೆಕ್ಸಿನ್‌ನಲ್ಲಿ ಕೂಡುವುದಿಲ್ಲ. ಒಮ್ಮೆ ಬಿದ್ದ ತೂತು ಶಾಶ್ವತ. ಹೊಲಿಗೆ ಸೊಟ್ಟಗಾಗಿದೆ ಎಂದು ಬಿಚ್ಚಿ ಅದೇ ತುಂಡನ್ನು ಮತ್ತೆ ಹೊಲಿಯಲು ಹೇಳಿದರೆ ಎರಡು ಸಾಲು ತೂತು ಬೀಳುತ್ತವೆ. ಇಲ್ಲವೇ ಹಳೇ ತೂತು ಮುಚ್ಚಲು ರೆಕ್ಸಿನನ್ನು ಒಳಗೆ ಹೆಚ್ಚು ಮಡಚುವುದರಿಂದ ಕವರು ಬಿಗಿಯಾಗುತ್ತದೆ, ಮೂಲೆಯಲ್ಲಿ ಎಳೆದು ಸುಕ್ಕು ಬರುತ್ತದೆ. ಆದ್ದರಿಂದ ರೆಕ್ಸಿನ್ ಕವರಿನ ದುರಸ್ತಿ ಎಂದರೆ ಆ ತುಂಡನ್ನೇ ಬದಲಿಸುವುದು. "ಬಿಚ್ಚಿ ಹೊಲೀತೀನಿ ಬಿಡ್ರಿ" ಎಂಬ ಮಾತಿಗೆ ಒಪ್ಪುವ ಮುನ್ನ ಇದನ್ನು ನೆನಪಿಡಬೇಕು.

ದಾರದ ಪರೀಕ್ಷೆಗೆ ಬೆಂಕಿಕಡ್ಡಿ ಸಾಕು. ಉಳಿದ ಒಂದು ಎಳೆಗೆ ಕಿಡಿ ತಾಗಿಸಿದರೆ ಪಾಲಿಯೆಸ್ಟರ್ ಆಗಲಿ ನೈಲಾನ್ ಆಗಲಿ ಕರಗಿ ತುದಿಯಲ್ಲಿ ಮಣಿಯಾಗುತ್ತದೆ, ಹತ್ತಿ ದಾರ ಉರಿದು ಬೂದಿಯಾಗುತ್ತದೆ. ಹತ್ತಿ ದಾರ ಬಿಸಿಲು, ಬೆವರಿಗೆ ಬೇಗ ಲಡ್ಡಾಗುತ್ತದೆ. ಕಿಟಕಿಯ ಬಳಿಯ ಸೀಟಿಗೆ ನೈಲಾನ್‌ಗಿಂತ ಪಾಲಿಯೆಸ್ಟರ್ ದಾರ ಒಳ್ಳೆಯದು, ಬಿಸಿಲನ್ನು ಹೆಚ್ಚು ಕಾಲ ತಡೆಯುತ್ತದೆ. ಇನ್ನು ಮೆಷಿನ್ನು. ಬಟ್ಟೆ ಹೊಲಿಯುವ ಸಾಮಾನ್ಯ ಮೆಷಿನ್ನಿನಲ್ಲಿ ರೆಕ್ಸಿನ್, ಅದರಡಿ ತೆಳು ಫೋಮ್, ನಡುವೆ ಪೈಪಿಂಗ್ ಸೇರಿಸಿ ಹೊಲಿದರೆ ಮೇಲಿನ ಪದರ ಹಿಂದೆ ಉಳಿದು ಕೆಳಗಿನದು ಮುಂದೆ ಸರಿಯುತ್ತದೆ. ಪೈಪಿಂಗ್ ಹಾವಿನಂತೆ ಹೊರಳಲು ಮುಖ್ಯ ಕಾರಣ ಇದು. ಮೇಲಿನ ಪದರವನ್ನೂ ಜತೆಗೆ ಎಳೆಯುವ, ಪಾದ ನಡೆದಾಡುವ ದಪ್ಪ ಹೊಲಿಗೆಯ ಮೆಷಿನ್ನು ಅಂಗಡಿಯಲ್ಲಿದೆಯೇ ಎಂದು ಮೊದಲೇ ಒಳಗೆ ಇಣುಕಿ ನೋಡಿದರೆ ಅರ್ಧ ತಲೆನೋವು ತಪ್ಪುತ್ತದೆ.

ಸುಕ್ಕು ಕಂಡಿತೆಂದು ಎಲ್ಲಕ್ಕೂ ಗಾಬರಿ ಬೇಡ. ಹೊಸ ರೆಕ್ಸಿನ್‌ನಲ್ಲಿ ಮೂಲೆಯ ಸಣ್ಣ ಸುಕ್ಕು ಬಿಸಿಗಾಳಿಯ ಗನ್ ಹಿಡಿದು ಕೈಯಿಂದ ತೀಡಿದರೆ ಹೋಗುತ್ತದೆ. ಕೂರುವ ಜಾಗದ ನಡುವೆ ಅಂಗೈಯಷ್ಟು ಮಡಿಕೆ ಬಿದ್ದರೆ ಅದು ಬಿಸಿಗೆ ಹೋಗುವುದಿಲ್ಲ. ಕವರು ದೊಡ್ಡದಾಗಿದೆ, ಇಲ್ಲವೇ ಫೋಮ್ ಚಿಕ್ಕದಾಗಿದೆ. "ಕೂತು ಕೂತು ಸರಿ ಹೋಗ್ತದ್ರೀ" ಎಂಬ ಸಮಾಧಾನ ಮೂಲೆಯ ಸುಕ್ಕಿಗೆ ಸಲ್ಲುತ್ತದೆ, ನಡುವಿನ ಮಡಿಕೆಗೆ ಇಲ್ಲ. ಕೂತಷ್ಟೂ ಫೋಮ್ ತಗ್ಗುತ್ತದೆ, ಮಡಿಕೆ ಹೆಚ್ಚುತ್ತದೆ.

ಅಂಟಿನ ಕೆಲಸ ಮಾತ್ರ ಬಿಸಿಲು ಬಂದ ಮೇಲೆಯೇ ಬಾಯಿ ಬಿಡುತ್ತದೆ. ಚಾವಣಿಯ ಲೈನಿಂಗ್ ಆಗಲಿ ಬಾಗಿಲಿನ ಹಲಗೆಯ ರೆಕ್ಸಿನ್ ಆಗಲಿ ಫೆವಿಕಾಲ್ ಎಸ್‌ಆರ್ 998ನಂಥ ರಬ್ಬರ್ ಅಂಟಿನಿಂದ ಕೂರುತ್ತವೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಅವಸರದಲ್ಲಿ ಹಸಿಯಾಗಿಯೇ ಅಂಟಿಸಿದರೆ ದ್ರಾವಕ ಒಳಗೆ ಸಿಕ್ಕಿಕೊಂಡು ಏಪ್ರಿಲ್ ಬಿಸಿಲಿಗೆ ಗುಳ್ಳೆ ಏಳುತ್ತದೆ. ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಹೊರಗಿನದಕ್ಕಿಂತ ಬಹಳ ಹೆಚ್ಚು ಶಾಖ ಏರುವುದರಿಂದ ಲೈನಿಂಗ್ ನಡುವಿನಿಂದ ಜೋತುಬೀಳುತ್ತದೆ. ಹಳೇ ಲೈನಿಂಗಿನ ಪುಡಿಯಾದ ಫೋಮನ್ನು ಪೂರ್ತಿ ಕೆರೆಯದೆ ಮೇಲೆಯೇ ಹೊಸತನ್ನು ಅಂಟಿಸಿದರೂ ಇದೇ ಗತಿ. ಗುಳ್ಳೆಗೆ ಸೂಜಿ ಚುಚ್ಚಿ ಅಂಟು ಬಿಡುವ ಉಪಾಯ ನಾಲ್ಕು ದಿನಕ್ಕೆ ಮಾತ್ರ. ಬಿಚ್ಚಿ, ಕೆರೆದು, ಹೊಸದಾಗಿ ಅಂಟಿಸಬೇಕು. ಕೆಲಸ ಮುಗಿದ ಗಾಡಿಯನ್ನು ಒಪ್ಪಿಕೊಳ್ಳುವ ಮೊದಲು ಕಿಟಕಿ ಮುಚ್ಚಿ ಒಂದು ಪೂರ್ತಿ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ನೋಡುವುದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ಪರೀಕ್ಷೆ.

ಊರಿನಿಂದ ಊರಿಗೆ ಕೇಡಿನ ಬಗೆ ಬೇರೆ. ಸಂಡೂರು ದಾರಿಯ ಅದಿರಿನ ಕೆಂಪು ದೂಳು ಗಟ್ಟಿ ಕಣಗಳದ್ದು. ಹೊಲಿಗೆಯ ತೂತಿನಲ್ಲಿ, ಪ್ಲೀಟಿನ ಸಂದಿಯಲ್ಲಿ ಕೂತು ಕುಲುಕಿದಾಗಲೆಲ್ಲ ದಾರವನ್ನು ಸವೆಸುತ್ತದೆ. ಆ ಕಡೆ ಹೆಚ್ಚು ಓಡಾಡುವ ಗಾಡಿಗೆ ಸಾಲು ಸಾಲು ಪ್ಲೀಟಿನ ಹಳೇ ಶೈಲಿಯ ಸೀಟು ನೋಡಲು ಎಷ್ಟೇ ಚೆಂದವಿದ್ದರೂ ಬೇಡ. ನುಣುಪು ಮೈಯ, ಕಡಿಮೆ ಜೋಡಣೆಯ ಕವರು ಒರೆಸಲು ಸುಲಭ. ಕಂಪ್ಲಿಯ ಕಡೆ, ತುಂಗಭದ್ರೆಯ ದಂಡೆ ಮತ್ತು ಕಾಲುವೆಯ ಗದ್ದೆಗಳ ನಡುವೆ, ತೇವದ ಕಾಟ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ವ್ಯಾನಿನ ಕುಶನ್ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ, ಸಾದಾ ಪ್ಲೈವುಡ್ ಉಬ್ಬುತ್ತದೆ, ಕಬ್ಬಿಣದ ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಕವರಿಗೆ ಕಂದು ಕಲೆ ಬಿಡುತ್ತದೆ. ಐಎಸ್ 710 ಗುರುತಿನ ಮರೀನ್ ಪ್ಲೈವುಡ್, ಗಾಳಿಯಾಡಲು ಅದರಲ್ಲಿ ಕೊರೆದ ತೂತುಗಳು, ಸ್ಟೇನ್‌ಲೆಸ್ ಸ್ಟೀಲ್ ಪಿನ್ನು, ಈ ಮೂರನ್ನೂ ಕೇಳಿ ಬರೆಸಬೇಕು.

ಅಂದಚೆಂದದಲ್ಲಿ ರಾಜಿ ಮಾಡಿಕೊಳ್ಳಬಹುದು, ಪ್ರಾಣದ ವಿಚಾರದಲ್ಲಿ ಸಲ್ಲದು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿ ಶಾಖ ತಡೆಯುವ ಮೂಲ ಹೊದಿಕೆಯನ್ನು ಕಿತ್ತು ಬರೀ ಫೋಮ್, ಅಂಟು ಹಾಕಿದ್ದರೆ ಗಾಡಿಯನ್ನು ಅಂಗಡಿಯಿಂದ ಹೊರಗೆ ತೆಗೆಯುವ ಮೊದಲೇ ಸರಿ ಮಾಡಿಸಬೇಕು. ಎಂಜಿನ್ ನೋಡಲು ಸೀಟು ಮೊದಲಿನಂತೆ ಮೇಲೇಳುತ್ತದೆಯೇ ಎಂದೂ ಪರೀಕ್ಷಿಸಬೇಕು. ಸೀಟು ಬಿಚ್ಚಿ ಹಾಕಿದ ಮೇಲೆ ಹಳಿಯ ನಾಲ್ಕೂ ಬೋಲ್ಟುಗಳನ್ನು ಪಾನಾ ಹಾಕಿ ನೋಡಬೇಕು. ಸೀಟ್ ಬೆಲ್ಟಿನ ಕೊಂಡಿ ಹೊಸ ಕವರಿನಡಿ ಹೂತುಹೋಗಿರಬಾರದು. ಚಾವಣಿಗೆ ಹೊಡೆದ ಪಿನ್ನು ದೀಪದ ವಯರಿಗೆ ಚುಚ್ಚಿದ್ದರೆ ಫ್ಯೂಸು ಹಾರುತ್ತದೆ, ಕೆಲವೊಮ್ಮೆ ಹಾರದೆಯೇ ಸುಡುತ್ತದೆ.

ವ್ಯಾನಿನೊಳಗೇ ಗ್ಯಾಸ್ ಒಲೆ ಹಚ್ಚುವವರು ಬೆಂಕಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಾಲಿಯುರೆಥೇನ್ ಫೋಮ್ ಹೊತ್ತಿದರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಹೊಗೆ ಬರುತ್ತದೆ. ಮುಚ್ಚಿದ ವ್ಯಾನಿನಲ್ಲಿ ಮಲಗಿದವರಿಗೆ ಎದ್ದು ಬಾಗಿಲು ಹುಡುಕಲೂ ಸಮಯ ಸಿಗುವುದಿಲ್ಲ. ವಾಹನದ ಒಳಾಂಗಣ ವಸ್ತುಗಳು ಎಷ್ಟು ಬೇಗ ಉರಿಯಬಹುದು ಎಂಬುದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡವಿದೆ. ಬೆಂಕಿ ತಡೆಯುವ ಫೋಮ್, ಈ ಮಾನದಂಡದ ರೆಕ್ಸಿನ್ ಬೇಕೆಂದು ಕೇಳಿ ತೆಗೆದುಕೊಳ್ಳಬೇಕು. ಹಾಕಿದ್ದಾರೋ ಇಲ್ಲವೋ ಎಂಬ ಅನುಮಾನವಿದ್ದರೆ ಉಳಿದ ಚೂರೊಂದನ್ನು ಬಯಲಿನಲ್ಲಿ ಇಕ್ಕಳದಿಂದ ಹಿಡಿದು ಬೆಂಕಿ ತಾಗಿಸಿ ನೋಡಬಹುದು. ಕಿಡಿ ತೆಗೆದ ಮೇಲೂ ಹನಿ ಹನಿಯಾಗಿ ಉರಿಯುತ್ತಲೇ ಹೋದರೆ ಆ ಮಾಲು ಒಲೆಯಿರುವ ಗಾಡಿಗೆ ತಕ್ಕದ್ದಲ್ಲ.

ಈಗ ಗಾಡಿ ತರಲು ಹೋಗುವ ದಿನದ ಮಾತು. ಸಂಜೆ ಹೋಗಬೇಡಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲ ಹೊಲಿಗೆಯೂ ನೇರ ಕಾಣುತ್ತದೆ. ಬೆಳಿಗ್ಗೆ ಹೋಗಿ ಪ್ರತಿ ಸೀಟನ್ನೂ ತಿರುಗಿಸಿ ಅಡಿ ನೋಡಿ, ಮಂಚ ಮಡಚಿ ಬಿಡಿಸಿ, ಜಿಪ್ ಎಳೆದು, ಅದರ ಮೇಲೆ ಹತ್ತು ನಿಮಿಷ ಮಲಗಿ. ಅಂಗಡಿಯವರು ನಗಬಹುದು, ನಗಲಿ. ಕಂಡ ಕುಂದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಫೋಟೊ ತೆಗೆದು, ಆ ಹಾಳೆಗೆ ಅಂಗಡಿಯವರ ಸಹಿಯನ್ನೋ ಕಡೆಗೆ ವಾಟ್ಸ್‌ಆ್ಯಪ್‌ನಲ್ಲಿ ಅವರ "ಸರಿ" ಎಂಬ ಉತ್ತರವನ್ನೋ ಪಡೆಯಬೇಕು. "ಕೆಲಸ ಸರಿ ಇಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. "ಚಾಲಕನ ಹಿಂದಿನ ಬೆಂಚಿನ ಎಡ ಮೂಲೆಯಲ್ಲಿ ಮೂರು ಇಂಚು ಹೊಲಿಗೆ ಬಿಟ್ಟಿದೆ" ಎಂದು ಬರೆದರೆ ಅದನ್ನು ಅಲ್ಲಗಳೆಯಲು ಆಗುವುದಿಲ್ಲ.

ದುಡ್ಡಿನ ಜಗಳ ಶುರುವಾಗುವುದು ಇಲ್ಲೇ. ಪೂರ್ತಿ ಕೊಡದಿದ್ದರೆ ಗಾಡಿ ಬಿಡುವುದಿಲ್ಲ ಎಂದು ಅಂಗಡಿಯವರು ಹೇಳಬಹುದೇ? ಹೇಳಬಹುದು, ಒಂದು ಮಿತಿಯೊಳಗೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ ವಸ್ತುವಿನ ಮೇಲೆ ಶ್ರಮವನ್ನೋ ಕೌಶಲವನ್ನೋ ಹಾಕಿ ಒಪ್ಪಿದ ಕೆಲಸ ಮಾಡಿದವನು ಕೂಲಿ ಬರುವ ತನಕ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಕಾಯ್ದೆಯೇ ಕೊಡುವ ಉದಾಹರಣೆಗಳಲ್ಲಿ ಒಂದು ವಜ್ರಕ್ಕೆ ಸಾಣೆ ಹಿಡಿಯುವವನದು, ಇನ್ನೊಂದು ಕೋಟು ಹೊಲಿಯುವ ಟೈಲರನದು. ಮೂರು ತಿಂಗಳು ಸಾಲ ಬಿಡುತ್ತೇನೆ ಎಂದು ಮೊದಲೇ ಒಪ್ಪಿಕೊಂಡ ಟೈಲರ್ ಆಮೇಲೆ ಕೋಟನ್ನು ಹಿಡಿದಿಡುವಂತಿಲ್ಲ ಎಂದು ಅಲ್ಲೇ ಹೇಳಿದೆ. ಈ ಎರಡನೇ ಉದಾಹರಣೆ ಗ್ರಾಹಕನಿಗೆ ಪಾಠ. "ಕಾಲುಭಾಗ ಹಣ ಗಾಡಿ ಒಯ್ದ ಹದಿನೈದು ದಿನದ ಮೇಲೆ" ಎಂದು ಕೆಲಸ ಕೊಡುವಾಗಲೇ ಚೀಟಿಯಲ್ಲಿ ಬರೆಸಿಕೊಂಡರೆ ಆ ಬಾಕಿಗಾಗಿ ಗಾಡಿಯನ್ನು ತಡೆಯಲು ಅಂಗಡಿಗೆ ದಾರಿ ಇರುವುದಿಲ್ಲ, ಕುಂದು ಸರಿಪಡಿಸಲು ಕಾರಣವೂ ಉಳಿಯುತ್ತದೆ.

ಹಾಗೆ ಬರೆಸದೆ ಸಿಕ್ಕಿಕೊಂಡವರು ಕೂಗಾಡಿ ಪ್ರಯೋಜನವಿಲ್ಲ. ಹಣವನ್ನು ಯುಪಿಐ ಮೂಲಕವೇ ಕೊಟ್ಟು, "ಕುಂದುಗಳ ಪಟ್ಟಿಗೆ ಒಳಪಟ್ಟು, ಆಕ್ಷೇಪದೊಂದಿಗೆ ಪಾವತಿ" ಎಂದು ಬಿಲ್ಲಿನ ಮೇಲೆ ಬರೆದು, ಅದರ ಫೋಟೊ ಇಟ್ಟುಕೊಂಡು ಗಾಡಿ ತರಬೇಕು. ಬಿಲ್ಲು ಕೇಳಿದರೆ "ಜಿಎಸ್‌ಟಿ ನಂಬರಿಲ್ಲ" ಎನ್ನುವುದುಂಟು. ನೋಂದಣಿ ಬೇಕಾಗದ ಸಣ್ಣ ಅಂಗಡಿಯೂ ಕೈಬರಹದ ರಸೀದಿ ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಅಥವಾ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ.

ಅದೇ ಅಂಗಡಿಗೆ ಸರಿಪಡಿಸಲು ಒಂದು ಅವಕಾಶ ಕೊಡುವುದು ಒಳ್ಳೆಯದು. ನ್ಯಾಯದ ದೃಷ್ಟಿಯಿಂದಲೂ ಹೌದು, ಮುಂದೆ ದೂರು ಕೊಡಬೇಕಾದರೆ ಕೇಸು ಗಟ್ಟಿಯಾಗುವುದರಿಂದಲೂ ಹೌದು. ಯಾವ ತುಂಡು ಬದಲಾಗಬೇಕು, ಯಾವ ಮಾಲು, ಎಷ್ಟು ದಿನ ಎಂಬುದು ಮೊದಲೇ ನಿಗದಿಯಾಗಬೇಕು. ಕವರು ಮುಚ್ಚುವ ಮೊದಲು ಫೋನು ಮಾಡಲು ಹೇಳಿ, ಹೋಗಿ ಫೋಮ್ ನೋಡಿ ಬರಬೇಕು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮೂಲ ಅಳತೆಯ ತಪ್ಪು ಇಬ್ಬರದೂ ಆಗಿದ್ದರೆ ಹೊಸ ರೆಕ್ಸಿನ್ ಖರ್ಚು ಗ್ರಾಹಕನದು, ಕೂಲಿ ಅಂಗಡಿಯದು ಎಂಬ ಒಪ್ಪಂದಕ್ಕೆ ಬರುವುದು ಜಾಣತನ. ಎರಡನೇ ಸಲವೂ ಕೆಟ್ಟರೆ ಮೂರನೇ ಸಲ ಅಲ್ಲಿಗೆ ಹೋಗಬಾರದು. ಕೈ ಕೂಡದ ಕೆಲಸ ಎಷ್ಟು ಸಲ ಮಾಡಿದರೂ ಕೂಡುವುದಿಲ್ಲ.

ಆಗ ಬೇಕಾಗುವುದು ಒಂದು ಲಿಖಿತ ನೋಟಿಸು. ವಕೀಲರ ಲೆಟರ್‌ಹೆಡ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಒಕ್ಕಣೆ ಹೀಗಿರಬಹುದು: "ಇಂಥ ದಿನಾಂಕದಂದು ನನ್ನ ವ್ಯಾನಿನ ಎರಡು ಬೆಂಚು, ಒಂದು ಮಂಚ ಮತ್ತು ಚಾವಣಿಯ ಕುಶನ್ ಕೆಲಸವನ್ನು ತಮಗೆ ಒಪ್ಪಿಸಿದ್ದೆ. 40 ಡೆನ್ಸಿಟಿ ಫೋಮ್ ಹಾಕುವುದೆಂದು ಮಾತಾಗಿತ್ತು. ಇಷ್ಟು ಹಣ ಪಾವತಿಯಾಗಿದೆ. ಮಂಚದ ಫೋಮ್ ತೂಗಿದಾಗ 2.6 ಕಿಲೋ ಬಂದಿದೆ, 4.5 ಕಿಲೋ ಇರಬೇಕಿತ್ತು. ಚಾವಣಿಯ ಲೈನಿಂಗ್ ಬಿಟ್ಟಿದೆ. ಒಮ್ಮೆ ಸರಿಪಡಿಸಿದರೂ ಕುಂದು ಹೋಗಿಲ್ಲ. ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಹಣ ಹಿಂದಿರುಗಿಸಬೇಕು, ತಪ್ಪಿದರೆ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ." ಬೈಗುಳ ಬೇಡ, ಊರ ಹಿರಿಯರ ಹೆಸರೂ ಬೇಡ. ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಬೇಕು. ಎಷ್ಟೋ ವ್ಯಾಜ್ಯ ಈ ಒಂದು ಹಾಳೆಯಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ 1915ಕ್ಕೆ ಕರೆ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ಅಂಗಡಿಯವರನ್ನು ಸಂಪರ್ಕಿಸಿ ರಾಜಿಗೆ ಯತ್ನಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು.

ಈ ಭಾಗದವರಿಗೆ ಕಾಯ್ದೆಯ ಒಂದು ಅಂಶ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿಯವರು ಹೊಸಪೇಟೆಯ ಅಂಗಡಿಯಲ್ಲಿ ಕೆಲಸ ಮಾಡಿಸಿದ್ದರೆ ಯಾವ ಜಿಲ್ಲೆಗೆ ಹೋಗಬೇಕು ಎಂಬ ಗೊಂದಲ ಸಹಜ. 1986ರ ಹಳೇ ಕಾಯ್ದೆಯಲ್ಲಿ ಅಂಗಡಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ಹೋಗಬೇಕಿತ್ತು. 2019ರ ಕಾಯ್ದೆಯ 34ನೇ ಕಲಮು ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದಲ್ಲೂ ದೂರು ಕೊಡಲು ಅವಕಾಶ ಕೊಟ್ಟಿದೆ. ಹಾಗಾಗಿ ಸಂಡೂರು, ಕಂಪ್ಲಿಯವರು ಬಳ್ಳಾರಿಯ ಆಯೋಗಕ್ಕೇ ಹೋಗಬಹುದು. ಬೆಂಗಳೂರಿನಿಂದ ಹಂಪಿಗೆ ಬಂದು ದಾರಿಯಲ್ಲಿ ಸೀಟು ಹೊಲಿಸಿಕೊಂಡು ಮೋಸ ಹೋದವರು ಬೆಂಗಳೂರಿನಲ್ಲೇ ದೂರು ಕೊಡಬಹುದು.

ಗಾಡಿಯನ್ನು ಬಾಡಿಗೆಗೆ ಬಿಡುವವರಿಗೆ ಇಲ್ಲೊಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ಹಾಗಾದರೆ ಹಂಪಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಆಟೊದವರ ಗತಿ? 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸುವಾಗ ಕೊಟ್ಟ ಉದಾಹರಣೆಗಳಲ್ಲಿ ಆಟೊವೂ ಒಂದು. ಹೊಟ್ಟೆಪಾಡಿಗಾಗಿ ಆಟೊ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದು ನ್ಯಾಯಾಲಯ ಹೇಳಿತು. ಒಂದೇ ವ್ಯಾನು ಇಟ್ಟುಕೊಂಡು ತಾವೇ ಓಡಿಸಿ ಬದುಕುವವರು ಇದೇ ವಾದ ಹಿಡಿಯಬಹುದು. ನಾಲ್ಕಾರು ವ್ಯಾನು ಇಟ್ಟು ಚಾಲಕರನ್ನು ನೇಮಿಸಿದವರಿಗೆ ಆಯೋಗದ ಬಾಗಿಲು ತೆರೆಯುವುದು ಕಷ್ಟ, ಅವರು ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ.

ಆಯೋಗದ ನೋಟಿಸು ತಲುಪಿದ ಮೇಲೆ ಅಂಗಡಿಯವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದು ಎಲ್ಲರಿಗೂ ಗೊತ್ತು. ಆದ್ದರಿಂದ ಹತ್ತು ಸಾವಿರದೊಳಗಿನ ಜಗಳಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಆಗುವುದೇ ಲೇಸು. ಅದಕ್ಕೂ ಖರ್ಚಿಲ್ಲ, 15100ಕ್ಕೆ ಕರೆ ಮಾಡಿದರೆ ಕಾನೂನು ನೆರವಿನ ಮಾಹಿತಿ ಸಿಗುತ್ತದೆ. ಆಯೋಗಕ್ಕೆ ಹೋಗುವುದೇ ಆದರೆ ಇನ್ನೊಂದು ಅಂಗಡಿಯ ಮಾಸ್ಟರ್‌ನಿಂದ ಕುಂದುಗಳ ಬಗ್ಗೆ ಎರಡು ಸಾಲಿನ ಬರಹ, ಸರಿಪಡಿಸಲು ತಗಲುವ ಖರ್ಚಿನ ಅಂದಾಜು ಪಡೆಯಬೇಕು. ಊರಿನೊಳಗೆ ಒಬ್ಬರ ಮೇಲೊಬ್ಬರು ಬರೆದುಕೊಡಲು ಹಿಂಜರಿಯುತ್ತಾರೆ. ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಕೇಳುವುದು ಸುಲಭ. ಹೊಸದಾಗಿ ಮಾಡಿಸುವ ಮೊದಲು ಕೆಟ್ಟ ಕೆಲಸದ ಪೂರ್ತಿ ಫೋಟೊ ತೆಗೆದು, ಕಿತ್ತ ಕವರು ಮತ್ತು ಫೋಮನ್ನು ಚೀಲದಲ್ಲಿ ಕಟ್ಟಿಡಬೇಕು. ದೂರು ಕೊಡಲು ಎರಡು ವರ್ಷದ ಗಡುವಿದೆ.

ಗಾಡಿ ನಿಜಕ್ಕೂ ಹಳೆಯದಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರ ಕೇಂದ್ರ ನಿಯಮದಡಿ 'ವಿಎ' ಅಕ್ಷರದ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸೀಟಿನ ಬಟ್ಟೆ ಬದಲಿಸಿದರೆ ತೊಂದರೆಯಿಲ್ಲ, ಆದರೆ ಬಾಡಿಯನ್ನೇ ಕತ್ತರಿಸಿ ಮಂಚ ಕೂರಿಸಿದರೆ ಮೂಲ ರೂಪ ಎನ್ನುವ ಮಾತು ಉಳಿಯುವುದಿಲ್ಲ. ವಿಂಟೇಜ್ ಅಲ್ಲದ ಓಮ್ನಿಗೂ ಒಂದು ನಿಯಮ ಅನ್ವಯಿಸುತ್ತದೆ. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿ ಇದ್ದದ್ದಕ್ಕಿಂತ ಬದಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಬೇಕು. "ಏನೂ ಆಗಂಗಿಲ್ಲ" ಎಂದು ಕುಶನ್ ಅಂಗಡಿಯವರು ಹೇಳಿದ ಮಾತು ಹೊಸಪೇಟೆಯ ಕೆಎ 35ರ ಕಚೇರಿಯಲ್ಲಿ ನಡೆಯುವುದಿಲ್ಲ.

ಮತ್ತೆ ಮಾಡಿಸುವಾಗ ಇಡೀ ವ್ಯಾನನ್ನು ಒಮ್ಮೆಗೇ ಬಿಡಬೇಡಿ. ಒಂದು ಸ್ಟೆಪ್ನಿ ಕವರು ಅಥವಾ ಒಂಟಿ ಸೀಟು ಹೊಲಿಸಿ ನೋಡಿದರೆ ಕೈ ಹೇಗಿದೆ ಎಂದು ತಿಳಿಯುತ್ತದೆ. ಹಳೇ ಕವರನ್ನು ಬಿಚ್ಚಿದ ಮೇಲೆ ಎಸೆಯಲು ಬಿಡದೆ ವಾಪಸ್ ಪಡೆಯಬೇಕು. ಅದೇ ಅಳತೆಯ ಪಟ್ಟಿ. ಇದರ ಜತೆಗೆ ಕೈಹೊಲಿಗೆಯ ಅಂದ ಬೇಕೆನ್ನುವವರು ದೂರ ಹೋಗಬೇಕಿಲ್ಲ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು 1,755 ತುಂಡುಗಳ ಪ್ರದರ್ಶನದೊಂದಿಗೆ ಗಿನ್ನೆಸ್ ದಾಖಲೆ ಮಾಡಿದರು. ಆ ಕಸೂತಿ ಪರದೆಗೆ, ದಿಂಬಿಗೆ, ಬಾಗಿಲ ಮೇಲಿನ ತೋರಣಕ್ಕೆ ಸೊಗಸು. ಕೂರುವ ಸೀಟಿಗೆ ಮಾತ್ರ ಹಾಕಿಸಬಾರದು. ಕನ್ನಡಿ, ಕವಡೆಗಳ ಮೇಲೆ ಕೂತರೆ ಕಸೂತಿಯೂ ಹಾಳು, ಕೂತವರೂ ಹೈರಾಣು.

ಕೊನೆಗೆ ಸಮಯದ ಮಾತು. ದಸರೆ ಹತ್ತಿರ ಬಂತೆಂದರೆ ಆಯುಧಪೂಜೆಗೆ ಗಾಡಿ ಸಿಂಗರಿಸುವವರೆಲ್ಲ ಕುಶನ್ ಅಂಗಡಿಯ ಮುಂದೆ ಸಾಲುಗಟ್ಟುತ್ತಾರೆ. ಅದರ ಹಿಂದೆಯೇ ಹಂಪಿಯ ಪ್ರವಾಸದ ಸೀಸನ್ ಶುರು. ಅಂಟು ಆರಲು ಬಿಡುವ ಪುರುಸೊತ್ತು ಆಗ ಯಾರಿಗೂ ಇರುವುದಿಲ್ಲ. ಆಯುಧಪೂಜೆಗೆ ತಿಂಗಳೊಪ್ಪತ್ತು ಇದೆ ಎನ್ನುವಾಗ ಮಂಚದ ವ್ಯಾನನ್ನು ಯಾವ ಅಂಗಡಿಗೂ ಬಿಡಬೇಡಿ. ಯುಗಾದಿ ಕಳೆದ ಮೇಲೆ, ಬಿಸಿಲು ನೆತ್ತಿ ಸುಡುವ ದಿನಗಳಲ್ಲೇ ಕೊಡಿ. ಕೆಲಸ ಕಡಿಮೆ ಇರುತ್ತದೆ, ಮಾಸ್ಟರ್ ಕೈಗೆ ಬಿಡುವಿರುತ್ತದೆ, ಅಂಟಿನ ಪರೀಕ್ಷೆ ಅಂಗಡಿಯ ಅಂಗಳದಲ್ಲೇ ಆಗಿಹೋಗುತ್ತದೆ.